ಕುಬೇರಪ್ಪನವರ ಸುಲಭ ಹಾದಿ

ಹುಬ್ಬಳ್ಳಿ ವಿದ್ಯಾನಗರದ ನಮ್ಮ ಓಣಿಯಲ್ಲಿ ಕುಬೇರಪ್ಪನವರು ನಡೆದದ್ದನ್ನು ಕಂಡವರು ಕಡಿಮೆ. ಮನೆಯ ಬಾಗಿಲಿನಿಂದ ಕಾರಿಗೆ, ಕಾರಿನಿಂದ ಹತ್ತಿಕಾಳಿನ ಅಂಗಡಿಯ ಗಾದಿಗೆ, ಗಾದಿಯಿಂದ ಮತ್ತೆ ಕಾರಿಗೆ. ಇದು ಅವರ ದಿನದ ಸಂಚಾರ. ಎದುರು ಮನೆಗೆ ಅರಿಷಿಣ ಕುಂಕುಮಕ್ಕೆ ಹೊರಟ ಹೆಂಡತಿಯನ್ನು ಬಿಡಲು ಅವರು ಕಾರು ತೆಗೆದರೆಂದು ಕೆಲವರು ಹೇಳುತ್ತಾರೆ. ಅದು ಸುಳ್ಳು. ಎದುರು ಮನೆಯಲ್ಲ, ಅದರ ಪಕ್ಕದ ಮನೆ.

ಒಂದು ಸಂಜೆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಪ್ರಬುದ್ಧ ಸರ್ ಗೇಟಿನ ಬಳಿ ನಿಂತು ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಧಾರವಾಡ ದಾಟಿ ಹಳಿಯಾಳದ ಕಡೆಗೆ, ಮುತ್ತಲಕೊಪ್ಪವೆಂಬ ಹಳ್ಳಿಯ ಹತ್ತಿರ ಕಾಡಿನಲ್ಲಿ ಹೊಸ ಕಾಲುಹಾದಿ ಮಾಡಿದ್ದಾರೆ. ಹಳ್ಳದ ದಂಡೆ, ಬಿದಿರಿನ ನೆರಳು, ಕೊನೆಗೊಂದು ಪುಟ್ಟ ಝರಿ. ಮುದುಕರೂ ಮಕ್ಕಳೂ ನಡೆಯಬಹುದಾದ ಸುಲಭದ ಹಾದಿ. ಒಂದು ರವಿವಾರ ಎಲ್ಲರೂ ಕೂಡಿ ಹೋಗೋಣವೇ ಎಂದು ಕೇಳಿದರು.

ಬೇರೆಯವರು ಹೇಳಿದ ಜಾಗವನ್ನು ತಾನು ನೋಡಿಲ್ಲ ಎಂದು ಒಪ್ಪಿಕೊಳ್ಳುವುದು ಕುಬೇರಪ್ಪನವರ ಜಾಯಮಾನವಲ್ಲ.

"ಅದs? ಅದನ್ನ ನಾ ಯಾವಾಗೋ ನಡದ ಬಿಟ್ಟೇನಿ. ಟ್ರೆಕ್ಕಿಂಗ್ ನನಗೇನ ಹೊಸಾದಲ್ಲ."

"ಯಾವಾಗ ನಡದ್ರಿ ಸಾವಕಾರ್ರ?" ಎಂದು ಕೇಳಿದವನು ಟೆಂಪೊ ಇಟ್ಟುಕೊಂಡಿರುವ ಅಯಾಜ.

"ಹರೇದಾಗ."

"ಹಾದಿ ಮಾಡಿದ್ದs ಹ್ವಾದ ವರ್ಷರಿ," ಎಂದರು ಪ್ರಬುದ್ಧ ಸರ್.

"ಹಾದಿ ಇಲ್ಲದಾಗs ನಡದೇನಿ ಅಂತ ಹೇಳಾಕತ್ತೇನಿ!"

ಒಳಗಿನಿಂದ ದಾಕ್ಷಾಯಿಣಿಯವರ ದನಿ ಬಂತು. "ಸಿಲಿಂಡರ್ ಬಂದ್ರ ಗೇಟಿನ ಮಟ ಬರಂಗಿಲ್ಲ ಇವರು. ಕಾಡು ನಡದಾರಂತ, ಕಾಡು."

ಹೆಂಡತಿ ಹೀಗೆ ಅಂದ ಮೇಲೆ ಹಿಂದೆ ಸರಿಯುವುದು ಯಾವ ಗಂಡಿಗೂ ಸಾಧ್ಯವಿಲ್ಲ. ಕುಬೇರಪ್ಪನವರು ಅಲ್ಲಿಯೇ ನಮ್ಮ ನಾಯಕರಾದರು. ಯಾರೂ ಆರಿಸಲಿಲ್ಲ. ಯಾರೂ ಬೇಡವೆನ್ನಲಿಲ್ಲ.

ನಾಯಕರು ಮೊದಲು ಕೈಹಾಕಿದ್ದು ಉಡುಪಿಗೆ. ಖಾದಿ ಬೆವರು ಹೀರುತ್ತದೆಂದು ಗರಗದಿಂದ ಎಲ್ಲ ಗಂಡಸರಿಗೂ ಬಿಳಿ ಜುಬ್ಬ, ಬಿಳಿ ಟೊಪ್ಪಿಗೆ ತರಿಸಿದರು. ಹೆಂಗಸರಿಗೂ ಬಿಳಿಯೇ ಎಂದಾಗ ದಾಕ್ಷಾಯಿಣಿಯವರು ಒಮ್ಮೆ ನೋಡಿದರು. ಆ ವಿಷಯ ಅಲ್ಲಿಗೇ ಮುಗಿಯಿತು. ಎರಡನೆಯದು ಕೋಲು. ಪ್ರತಿಯೊಬ್ಬರಿಗೂ ಒಂದೊಂದು ಬಿದಿರಿನ ಕೋಲು, ಅದರ ತುದಿಗೆ ಕಾವಿಬಣ್ಣದ ಬಟ್ಟೆ. ಕಾಡಿನಲ್ಲಿ ಯಾರಾದರೂ ತಪ್ಪಿಸಿಕೊಂಡರೆ ದೂರದಿಂದ ಕಾಣಬೇಕಲ್ಲ. ಮೂರನೆಯದು ಅವರ ಸ್ವಂತದ ಬೂಟು. ಅಂಗಡಿಯವನು "ಹಾಕ್ಕೋತ ಹಾಕ್ಕೋತ ಸಡ್ಲ ಆಗ್ತಾವ್ರಿ" ಎಂದು ಕೊಟ್ಟದ್ದು.

ಬೂಟು ಟೆಂಪೊದಿಂದ ಕಾಡಿನ ಗೇಟಿನವರೆಗೆ ಬಾಳಿತು. ಅಷ್ಟರಲ್ಲಿ ಎರಡೂ ಹಿಮ್ಮಡಿಯ ಚರ್ಮ ಕಿತ್ತಿತ್ತು. ಕುಬೇರಪ್ಪನವರು ಬೂಟು ಬಿಚ್ಚಿ, ಲೇಸು ಗಂಟುಹಾಕಿ, ಹೆಗಲಿಗೆ ಹಾಕಿಕೊಂಡು, "ಬರಿಗಾಲಲೆ ನಡಿಯೂದು ಖರೇ ಟ್ರೆಕ್ಕಿಂಗ್" ಎಂದು ಘೋಷಿಸಿದರು. ಗೇಟಿನ ಮುಂದೆ ಒಂದು ಫಲಕವಿತ್ತು. ಎಡಕ್ಕೆ ಬಾಣದ ಗುರುತು, ಕೆಳಗೆ 'ಸುಲಭ ಹಾದಿ' ಎಂಬ ಬರಹ.

"ಸುಲಭದ್ದು ನಮಗ್ಯಾಕ?" ಎಂದು ನಾಯಕರು ಬಲಕ್ಕೆ ತಿರುಗಿದರು. ಬಿಳಿ ಜುಬ್ಬಗಳ ಸಾಲು ಹಿಂಬಾಲಿಸಿತು. ದಾಕ್ಷಾಯಿಣಿಯವರ ತಲೆಯ ಮೇಲೆ ರೊಟ್ಟಿ ಬುತ್ತಿಯ ಗಂಟು. ಬಲಗಡೆಯ ಹಾದಿ ಕಾಡಿಗೆ ಹೋಗುವುದಿಲ್ಲ, ಮುತ್ತಲಕೊಪ್ಪದ ನಡುಬೀದಿಗೆ ಹೋಗುತ್ತದೆಂದು ನಮಗೆ ತಿಳಿದದ್ದು ನಡುಬೀದಿಯಲ್ಲಿ ನಿಂತಾಗ.

ಅದು ಭಾರತ ಹುಣ್ಣಿಮೆ ಹತ್ತಿರವಾದ ವಾರ. ನಮ್ಮ ಕಡೆಯ ಜನ ಉಳವಿಯ ಚನ್ನಬಸವಣ್ಣನ ದರ್ಶನಕ್ಕೆ ನಡೆದು ಹೋಗುವ ಕಾಲ. ಬಿಳಿ ಬಟ್ಟೆ, ಕಾವಿ ನಿಶಾನೆ, ಮುಂದಾಳಿನ ಬರಿಗಾಲು, ತಲೆಯ ಮೇಲಿನ ಬುತ್ತಿ. ಇಷ್ಟನ್ನು ನೋಡಿಯೂ ಬೇರೆ ಅರ್ಥ ಮಾಡಿಕೊಳ್ಳಲು ಮುತ್ತಲಕೊಪ್ಪದ ಜನರೇನು ಮಬ್ಬರೇ?

"ಪಾದಯಾತ್ರಿಯವ್ರು ಬಂದ್ರು! ನೀರ ತರ್ರಿ!" ಎಂದು ಒಬ್ಬ ಕೂಗಿದ. ಅವನ ಹೆಸರು ಬಸವಕಿರಣ. ಮರುಗಳಿಗೆಯಲ್ಲಿ ಕೊಡಗಳು ಬಂದವು, ಕಟ್ಟೆಯ ಮೇಲೆ ಚಾಪೆ ಬಂತು.

"ಎಲ್ಲಿಂದ ಬಂದ್ರಿ ಸಾವಕಾರ್ರ?"

"ಹುಬ್ಬಳ್ಳಿಯಿಂದ."

"ನಡಕೋತ?"

ಇಲ್ಲಿ ಒಂದೇ ಒಂದು ಮಾತು ಹೇಳಬೇಕಿತ್ತು. ಟೆಂಪೊ ಎಂದು. ಆದರೆ ಕೋಲು ಹಿಡಿದು, ಎದೆ ಸೆಟೆದು ನಿಂತ ನಾಯಕರಿಗೆ ಆ ಮಾತು ಬರಲಿಲ್ಲ.

"ನಡಕೋತ," ಎಂದರು.

"ಶರಣ ಶರಣಾರ್ಥಿ!" ಎಂದು ಊರಿಗೆ ಊರೇ ಕೈಮುಗಿಯಿತು. ಬಸವಕಿರಣ ಅವರ ಕಾಲು ಹಿಡಿದು ತೊಳೆಯತೊಡಗಿದ. ಕಿತ್ತುಹೋದ ಹಿಮ್ಮಡಿ ಕಂಡು ಹೆಂಗಸರು ಲೊಚಗುಟ್ಟಿದರು.

ಪ್ರಬುದ್ಧ ಸರ್ ಕಾಲು ಹಿಂದಕ್ಕೆ ಎಳೆದುಕೊಂಡರು. "ಬ್ಯಾಡ್ರಿ, ನಾವು ಬೌದ್ಧರು."

"ಕಾಲಿಗೆ ದಣಿವಾಗಿರತೈತ್ರಿ ಸರ. ಮುಂದ ಮಾಡ್ರಿ."

"ನಾನು ಅಯಾಜ ಅದೀನ್ರಿ," ಎಂದ ಅಯಾಜ, ಇದರಿಂದ ಗೊಂದಲ ಬಗೆಹರಿದೀತೆಂದು.

"ಅಯಾಜಣ್ಣಾರ, ನಿಮ್ಮದು ಎಡಗಾಲು ಆತು. ಬಲಗಾಲು ಕೊಡ್ರಿ."

ಕುಬೇರಪ್ಪನವರು ಊಟದ ನಡುವೆ ನಿಜ ಹೇಳಲೆಂದೇ ಬಾಯಿ ತೆರೆದರು. ಇದಕ್ಕೆ ನಾವೆಲ್ಲ ಸಾಕ್ಷಿ. ತೆರೆದ ಬಾಯಿ ಕಂಡು ಹೆಣ್ಣುಮಗಳೊಬ್ಬಳು ಇನ್ನೊಂದು ಸೌಟು ಗೋದಿ ಹುಗ್ಗಿ ಬಡಿಸಿ ಮೇಲೆ ತುಪ್ಪ ಹೊಯ್ದಳು. ನಿಜ ಹುಗ್ಗಿಯ ಕೆಳಗೆ ಹೋಯಿತು.

ಕೈ ತೊಳೆದು ಏಳುವ ಹೊತ್ತಿಗೆ ಗೋಡೆ ಹಿಡಿದುಕೊಂಡು ಒಬ್ಬ ಮುದುಕಿ ಬಂದಳು. ಬಸವಕಿರಣನ ತಾಯಿ ಮುರಿಗೆವ್ವ. ಎರಡೂ ಕಣ್ಣಿಗೆ ಪೊರೆ. ಅವಳ ಕೈಯಲ್ಲಿ ಅರಿಷಿಣ ಬಳಿದ ಒಂದು ತೆಂಗಿನಕಾಯಿ.

"ಮಾತಾಡಿದವ್ರು ಎಲ್ಲಿ ಅದಾರ? ಎಪ್ಪಾ, ಇದ ನನ್ನ ಹರಕಿ ಕಾಯಿ. ನನಗ ನಡದ ಹೋಗಾಕ ಆಗವಲ್ದು. ನಡದು ಹೋಗಾವ್ರ ಕೈಯಾಗ ಕೊಟ್ರ ಸಲ್ಲತೈತಿ. ಒಯ್ತೀಯೇನು?"

ಕುಬೇರಪ್ಪನವರು ಏನೋ ಅನ್ನುವಷ್ಟರಲ್ಲಿ ಕಾಯಿ ಅವರ ಅಂಗೈಯಲ್ಲಿತ್ತು.

"ನೆಲಕ್ಕ ಇಡಬ್ಯಾಡ. ಗಾಡಿ ಹತ್ತಿಸಬ್ಯಾಡ. ಹಿಂದಕ ನಿನ್ನ ಮನಿ ಹೊಸ್ತಿಲಾ ದಾಟಸಬ್ಯಾಡ. ಉಳವಿಗೆ ಮುಟ್ಟಿಸಿ ನನಗೊಂದು ಫೋನ್ ಮಾಡು. ಆಮ್ಯಾಲೆನ ನಾ ದವಾಖಾನಿಗೆ ಹೋಗಾಕಿ."

ಬಸವಕಿರಣ ಬೀದಿಯ ತಿರುವಿನವರೆಗೆ ಬಂದು ಫೋನ್ ನಂಬರು ಕೊಟ್ಟು, ಉಳಿದದ್ದನ್ನು ಹೇಳಿದ. ಇನ್ನು ಎಂಟು ದಿನಕ್ಕೆ, ಸೋಮವಾರ, ಹುಬ್ಬಳ್ಳಿಯಲ್ಲಿ ಅವ್ವನ ಕಣ್ಣಿನ ಆಪರೇಶನ್. ಹಿಂದೆ ಎರಡು ಸಲ ದವಾಖಾನೆಯ ಗೇಟಿನಿಂದ ತಿರುಗಿ ಬಂದಿದ್ದಾಳೆ, ಹರಕೆ ಮುಟ್ಟಿಲ್ಲವೆಂದು. ಇನ್ನೂ ತಡ ಮಾಡಿದರೆ ಕಣ್ಣು ಉಳಿಯುವುದಿಲ್ಲವೆಂದು ಡಾಕ್ಟರು ಬೈದಿದ್ದಾರೆ. "ನೀವು ದೇವ್ರು ಬಂದಂಗ ಬಂದ್ರಿ ಸಾವಕಾರ್ರ," ಎಂದು ಅವನು ಮತ್ತೆ ಕೈಮುಗಿದ.

ನಾವು ಕಳ್ಳರಂತೆ ಟೆಂಪೊ ಸೇರಿದೆವು. ಕುಬೇರಪ್ಪನವರು ಮೆಟ್ಟಿಲ ಮೇಲೆ ಕಾಲಿಟ್ಟರು. ಬಾಗಿಲಲ್ಲಿ ದಾಕ್ಷಾಯಿಣಿಯವರು ನಿಂತಿದ್ದರು.

"ಕಾಯಿ ಗಾಡಿ ಹತ್ತಂಗಿಲ್ಲ."

"ಏ, ಹುಚ್ಚಿ, ಸರಿ ಆಚೆ."

"ಮನಿ ಹೊಸ್ತಿಲಾನೂ ದಾಟಂಗಿಲ್ಲ. ಕಾಯಿ ಹಿಡದವ್ರೂ ದಾಟಂಗಿಲ್ಲ."

ಓಣಿಯ ಬುದ್ಧಿಯೆಲ್ಲ ಅಲ್ಲಿ ಖರ್ಚಾಯಿತು. ಕೈ ಕಿಟಕಿಯಿಂದ ಹೊರಗೆ ಚಾಚಿ ಕಾಯಿಯನ್ನು ಹೊರಗೇ ಹಿಡಿದುಕೊಂಡು ಹೋಗಬಹುದೆಂದು ಅಯಾಜ ಹೇಳಿದ. ಪ್ರಬುದ್ಧ ಸರ್ ದೇವರನ್ನು ನಂಬುವವರಲ್ಲ, ಆದರೆ ಲೆಕ್ಕ ಬಿಡಿಸುವುದನ್ನು ನಂಬುವವರು. "ಸಾವಕಾರ್ರು ಟೆಂಪೊದೊಳಗ ಹಿಂದಿನಿಂದ ಮುಂದಕ್ಕ ನಡಕೋತ ಇರಲಿ. ಕೂಡ್ರೂದು ಬ್ಯಾಡ. ಅವರು ನಡದ್ರು, ಟೆಂಪೊ ಬರೇ ಕೂಡ ಬಂತು ಅಂತ ಆತು." ಕುಬೇರಪ್ಪನವರು ನಡೆದು ನೋಡಿದರು. ಹೆಂಡತಿಯ ಒಂದು ಮಾತಿಗೆ ಕೆಳಗಿಳಿದರು.

"ಆಯಿ ಕುರುಡಿ. ನೀವೂ ಕುರುಡ್ರೇನು?"

ಕುಬೇರಪ್ಪನವರಿಗೆ ಸಿಟ್ಟು ಬಂತು. ಹಿಂದಿರುಗಿ ಹೋಗಿ ಕಾಯಿ ಕೊಟ್ಟು, ಇದ್ದದ್ದು ಇದ್ದಹಾಗೆ ಹೇಳಿ ಬರುತ್ತೇನೆಂದು ದಡದಡ ನಡೆದರು. ಊರಬಾಗಿಲಲ್ಲಿ ಬಸವಕಿರಣ ಎದುರಾದ.

"ಏನರ ಮರತ್ರೇನ್ರಿ? ಅವ್ವ ದವಾಖಾನಿ ಚೀಲಾ ತುಂಬಾಕತ್ತಾಳ್ರಿ! ತಾನs ಸೀರಿ ಮಡಚಿ ಇಡಾಕತ್ತಾಳ. ಹಿಂದ ಎಂದೂ ಚೀಲಾ ಮುಟ್ಟಿದಾಕಿ ಅಲ್ಲ."

ಕುಬೇರಪ್ಪನವರು ಕಾಯಿಯನ್ನು ಎದೆಗೆ ಒತ್ತಿಕೊಂಡರು. "ಉಳವಿ ಹಾದಿ ಯಾವುದು ಅಂತ ಕೇಳಾಕ ಬಂದಿದ್ದೆ," ಎಂದರು.

ಟೆಂಪೊ ನಮ್ಮನ್ನು ತುಂಬಿಕೊಂಡು ಹುಬ್ಬಳ್ಳಿಗೆ ಹೊರಟಿತು. ಝರಿಯನ್ನು ಯಾರೂ ನೋಡಲಿಲ್ಲ. ಕಿಟಕಿಯಿಂದ ತಿರುಗಿ ನೋಡಿದಾಗ ದಾಕ್ಷಾಯಿಣಿಯವರು ಬುತ್ತಿಯ ಗಂಟು ಹೊತ್ತು ಮುಂದೆ ನಡೆದಿದ್ದರು. ನಮ್ಮ ನಾಯಕರು ಜೋಳಿಗೆ ಮಾಡಿ ಕೊರಳಿಗೆ ಕಾಯಿ ಕಟ್ಟಿಕೊಂಡು ಹಿಂದಿನಿಂದ ಮುಂದಾಳ್ತನ ವಹಿಸಿದ್ದರು.

ಮರುದಿನ ಅಯಾಜ ಟೆಂಪೊ ತೆಗೆದುಕೊಂಡು ಹೋಗಿ ಅವರನ್ನು ಹಳಿಯಾಳದ ಬಜಾರಿನಲ್ಲಿ ಕಂಡನು. ಚಹಾದಂಗಡಿಯ ಬೆಂಚಿನ ಮೇಲೆ ಕುಬೇರಪ್ಪನವರು ಅಂಗಾಲು ಆಕಾಶಕ್ಕೆ ಮಾಡಿ ಮಲಗಿದ್ದರು. ಎದೆಯ ಮೇಲೆ ಕಾಯಿ, ಉಸಿರಿನ ಜೊತೆ ಏರುತ್ತ ಇಳಿಯುತ್ತ. ಮುಂದಿನ ಕಥೆಯನ್ನು ಅಯಾಜ ಹೇಳಿದ್ದಾನೆ. ಅವನು ಸ್ವಲ್ಪ ಹೆಚ್ಚಿಗೆ ಹೇಳುವವ, ಆದರೆ ಇಲ್ಲಿ ಅದರ ಅಗತ್ಯ ಬಿದ್ದಿರಲಿಕ್ಕಿಲ್ಲ.

ದಾಕ್ಷಾಯಿಣಿಯವರು ನೀರು ತರಲು ಹೋದದ್ದನ್ನು ನೋಡಿ ಅಯಾಜನೇ ಸಲಹೆ ಕೊಟ್ಟ. "ಮುಟ್ಟಿದೆ ಅಂತ ಫೋನ್ ಮಾಡಿ ಬಿಡ್ರಿ ಸಾವಕಾರ್ರ. ಆಯಿಗೇನ ಕಾಣತೈತಿ? ಆಪರೇಶನ್ ಆದ್ರ ಆತಿಲ್ಲ."

ಮಾತು ಕೆಟ್ಟದ್ದೇನಲ್ಲ. ಕುಬೇರಪ್ಪನವರು ಫೋನು ಹಚ್ಚಿದರು. "ಮುರಿಗೆವ್ವಾರ, ಮುಟ್ಟೇನ್ರಿ."

"ಇಷ್ಟ ಲಗೂ?"

"ಹೆಜ್ಜಿ ದೊಡ್ಡವ್ರಿ ನನ್ನವು."

"ಎಪ್ಪಾ, ನಿನ್ನ ಪುಣ್ಯೇವ. ಗುಡಿ ಗಂಟಿ ಒಂದೀಟು ಕೇಳಸು."

ಕುಬೇರಪ್ಪನವರು ಫೋನಿನ ಮೇಲೆ ಕೈಯಿಟ್ಟು ಅಯಾಜನನ್ನು ನೋಡಿದರು. ಅಯಾಜ ಬಜಾರನ್ನು ನೋಡಿದ. ಗಾಡಿ ತಳ್ಳಿಕೊಂಡು ಒಬ್ಬ ಬರುತ್ತಿದ್ದ, ಗಾಡಿಗೆ ಗಂಟೆ ಇತ್ತು. ಅಯಾಜ ಓಡಿಹೋಗಿ ಅವನನ್ನು ಎಳೆದು ತಂದು, ಫೋನಿನ ಮುಂದೆ ಭಕ್ತಿಯಿಂದ ಬಾರಿಸಿದ.



"ಐಸಕ್ರೀಮಿನಾವ ಬಂದಾನೇನು?" ಎಂದಳು ಮುರಿಗೆವ್ವ. "ಒಂದ ತಗೊಂಡ ತಿನ್ನು ಎಪ್ಪಾ. ಬಿಸಲಾಗ ನಡಿಯಾಕತ್ತಿ, ತಲಿ ತಿರಗಿರಬೇಕು, ಅದಕ್ಕ ಮುಟ್ಟಿದಂಗ ಅನಸೇತಿ ನಿನಗ. ಮೆಲ್ಲಕ ಹೋಗು. ಮುಟ್ಟಿದ ಮ್ಯಾಲೆ ಹೇಳೀಯಂತ. ನಾ ಚೀಲಾ ಬಿಚ್ಚಂಗಿಲ್ಲ."

ಕುಬೇರಪ್ಪನವರು ಫೋನು ಕಿಸೆಗೆ ಹಾಕಿದರು. ಗಂಟೆಗಾಡಿಯವನು ಇನ್ನೂ ನಿಂತಿದ್ದ. ಒಂದು ಐಸ್‌ಕ್ರೀಮು ಕೊಂಡು ಅಯಾಜನ ಕೈಗಿತ್ತು, ತಾವು ಎದ್ದು ನಿಂತರು. ನೀರು ತಂದ ಹೆಂಡತಿಗೆ, "ನಡಿ," ಎಂದರು.

ಅಲ್ಲಿಂದ ಮುಂದೆ ಯಾರು ಕೇಳಿದರೂ ಅವರು ಪೂರ್ತಿ ಸತ್ಯವನ್ನೇ ಹೇಳತೊಡಗಿದರು. "ಹುಬ್ಬಳ್ಳಿಯಿಂದ ಮುತ್ತಲಕೊಪ್ಪದ ಮಟ ಟೆಂಪೊದಾಗ ಬಂದೆ. ಅಲ್ಲಿಂದ ನಡಕೋತ. ಕಾಯಿ ನನ್ನದಲ್ಲ. ಹರಕಿನೂ ನನ್ನದಲ್ಲ. ಝರಿ ನೋಡಾಕ ಬಂದಿದ್ದೆ." ಯಾರೂ ಇಷ್ಟು ಕೇಳಿರಲಿಲ್ಲ. ಜೊತೆಯಲ್ಲಿ ನಡೆಯುವವರು, "ಇರಲಿ ಬಿಡ್ರಿ, ಮಜ್ಜಗಿ ಕುಡೀರಿ," ಎನ್ನುತ್ತಿದ್ದರು.

ದಾಂಡೇಲಿ ದಾಟಿದ ಮೇಲೆ ಮಂಗಗಳು ಬೆನ್ನುಹತ್ತಿದವು. ಕೋಲಿನ ಕಾವಿಬಟ್ಟೆ ಬೀಸಿ ಬೀಸಿ ಕುಬೇರಪ್ಪನವರು ಕಾಯಿ ಉಳಿಸಿಕೊಂಡರು. ಟೊಪ್ಪಿಗೆ ಹೋಯಿತು. ಒಂದು ಬೂಟೂ ಹೋಯಿತು. ಆಮೇಲೆ ಅರಣ್ಯ ಇಲಾಖೆಯ ಚೌಕಿಯಲ್ಲಿ ಗಾರ್ಡು ತಡೆದ.

"ಜೋಳಿಗ್ಯಾಗ ಏನೈತಿ? ಕೆಳಗಿಡ್ರಿ, ನೋಡಬೇಕು."

"ನೋಡ್ರಿ. ಕೆಳಗ ಇಡಂಗಿಲ್ಲ."

"ಸರಕಾರಿ ಕೆಲಸ ಐತ್ರಿ ಇದು. ಇಡ್ರಿ."

"ಸರಕಾರ ಬಂದ್ರೂ ಇಡಂಗಿಲ್ಲ."

ಗಾರ್ಡು ಮೇಲಿನವರಿಗೆ ಫೋನು ಹಚ್ಚಿದ. "ಸರ್, ಇಲ್ಲೊಬ್ರು ಕಾಯಿ ಕೆಳಗ ಇಡವಲ್ರು... ತೆಂಗಿನಕಾಯಿ ಸರ್... ಅವರದಲ್ಲಂತ ಸರ್, ಮುರಿಗೆವ್ವ ಅನ್ನಾಕಿದಂತ... ಇಲ್ಲ ಸರ್, ಆಕಿ ಬಂದಿಲ್ಲ, ಆಕಿಗೆ ಕಣ್ಣು ಕಾಣಂಗಿಲ್ಲಂತ..." ಹೀಗೆ ಬಹಳ ಹೊತ್ತು ನಡೆಯಿತು. ಕೊನೆಗೆ ಗಾರ್ಡು ಫೋನು ಇಟ್ಟು ಎದ್ದು ನಿಂತ. "ಹೋಗ್ರಿ. ಸಾಹೇಬ್ರು ತಮ್ಮ ಪ್ರಮೋಶನ್ನಿಗೂ ಒಂದು ಕೈಮುಗೀರಿ ಅಂದಾರ."

ಇನ್ನು ಮೂರೇ ಮೈಲಿ ಎಂದು ಎಲ್ಲರೂ ಹೇಳುವ ಕೊನೆಯ ಘಟ್ಟದಲ್ಲಿ ಅಯಾಜ ಟೆಂಪೊ ನಿಲ್ಲಿಸಿಕೊಂಡು ಕಾದ. "ಇನ್ನ ಇಷ್ಟs ಐತಿ, ಹತ್ರಿ, ಯಾರೂ ನೋಡಂಗಿಲ್ಲ," ಎಂದ. ಕುಬೇರಪ್ಪನವರು ಟೆಂಪೊದ ಬಾಗಿಲು ತೆಗೆದರು. ಹೆಂಡತಿಯನ್ನು ನೋಡಿ, "ನೀ ಹತ್ತು, ಸಾಕಾಗೇತಿ ನಿನಗ," ಎಂದರು. ದಾಕ್ಷಾಯಿಣಿಯವರು ಬಾಗಿಲು ಮುಚ್ಚಿ ಮುಂದೆ ನಡೆದರು.

ಶನಿವಾರ ಇಳಿಹೊತ್ತಿಗೆ ಕಾಯಿ ಮುಟ್ಟಿತು. ಈ ಸಲ ಗಂಟೆಯ ಸದ್ದು ಕೇಳಿ ಮುರಿಗೆವ್ವ ಹೆಚ್ಚು ಮಾತಾಡಲಿಲ್ಲ. "ಕಾಲ ತೊಳಕೋ ಎಪ್ಪಾ," ಎಂದಳು. ಸೋಮವಾರ ಅವಳು ದವಾಖಾನೆಯ ಗೇಟು ದಾಟಿ ಒಳಗೆ ಹೋದಳು.

ಕುಬೇರಪ್ಪನವರು ಕುಂಟುತ್ತ ಓಣಿಗೆ ಬಂದಾಗ ಯಾರೂ ನಂಬಲಿಲ್ಲ. ಇದರಲ್ಲಿ ನಮ್ಮ ತಪ್ಪಿಲ್ಲ. ನಡೆಯದಿದ್ದಾಗ ನಡೆದೆನೆಂದು ಹೇಳಿದವರು ನಡೆದ ಮೇಲೆ ಏನು ಹೇಳಬೇಕು? "ಟೆಂಪೊ ಕೂಡs ಇತ್ತು. ಕೂಡ ಇದ್ದ ಟೆಂಪೊ ಬಿಟ್ಟು ಇವರು ನಡದ್ರು?" ಎಂದು ಗೇಟುಗೇಟಿಗೂ ಚರ್ಚೆಯಾಯಿತು. ಅಯಾಜ ಆಣೆ ಮಾಡಿದ. ಬಾಡಿಗೆ ಸಿಕ್ಕವನ ಆಣೆ ಎಂದರು. ದಾಕ್ಷಾಯಿಣಿಯವರೂ ಗಂಡ ನಡೆದದ್ದು ಖರೆಯೆಂದು ಹೇಳಿ ನೋಡಿದರು. "ನೀವು ನಡದ್ದು ನಂಬ್ತೇವಿ ಅಕ್ಕಾರ. ಅವರದು ಕಠಿಣ ಐತಿ," ಎಂದರು ಹೆಂಗಸರು. ಕುಬೇರಪ್ಪನವರು ದನಿ ಎತ್ತರಿಸಿದಷ್ಟೂ ಜನ ನಕ್ಕರು. ಕೊನೆಗೆ ಅವರು ಆ ಮಾತು ಎತ್ತುವುದನ್ನೇ ಬಿಟ್ಟರು. ಬಲಗಾಲು ಮಾತ್ರ ಊರಲಾಗದೆ ಕುಂಟುತ್ತಲೇ ಇದ್ದರು. ದವಾಖಾನೆಯಲ್ಲಿ ಏನೂ ಕಾಣುವುದಿಲ್ಲವೆಂದರು. ಓಣಿ ಅದಕ್ಕೂ ನಕ್ಕಿತು.

ಕೆಲವು ವಾರಗಳ ಮೇಲೆ ಒಂದು ರವಿವಾರ ಮಗನ ಜೊತೆ ಮುರಿಗೆವ್ವ ಬಂದಳು. ಮೂಗಿನ ಮೇಲೆ ಹೊಸ ಕನ್ನಡಕ. ನಾವೆಲ್ಲ ಗೇಟಿನ ಬಳಿಯೇ ಇದ್ದೆವು. ಅವಳು ಒಬ್ಬೊಬ್ಬರನ್ನೂ ನೋಡುತ್ತ ಬಂದು, ಎತ್ತರದ ಆಳಾದ ಪ್ರಬುದ್ಧ ಸರ್ ಮುಂದೆ ಕೈಮುಗಿದಳು.

"ನೀನs ಹೌದಲ್ಲೋ ಎಪ್ಪಾ, ನನ್ನ ಕಾಯಿ ಒಯ್ದಾವ?"

ಪ್ರಬುದ್ಧ ಸರ್ ಗಾಬರಿಯಾಗಿ ಕುಬೇರಪ್ಪನವರ ಕಡೆಗೆ ಬೆರಳು ಮಾಡಿದರು. ಮುರಿಗೆವ್ವ ಮೇಲಿನಿಂದ ಕೆಳಗೆ ನೋಡಿದಳು. ನಡುವಿಗೆ ಬಂದಾಗ ಸ್ವಲ್ಪ ಹೆಚ್ಚು ಹೊತ್ತು ಬೇಕಾಯಿತು.

"ಇವರs? ಮಾತಾಡ್ರಿ ನೋಡೂಣು."

"ಏನ ಮಾತಾಡ್ಲಿ ಬೇ?"

"ದನಿ ಇವರದs ಐತಿ," ಎಂದಳು ಮಗನಿಗೆ. "ಆದ್ರ ಈ ಹೊಟ್ಟಿ ಘಟ್ಟಾ ಹತ್ತಿಲ್ಲ."

ಓಣಿ ಬಿದ್ದು ಬಿದ್ದು ನಕ್ಕಿತು. ಕುಬೇರಪ್ಪನವರು ಒಳಗೆ ಹೋಗಲು ತಿರುಗಿದರು. ಆಗ ಮುರಿಗೆವ್ವ ಅವರ ಹೆಜ್ಜೆಯನ್ನು ನೋಡಿದಳು.

"ನಿಂದರ್ರಿ. ಆ ಕಾಲು ಮ್ಯಾಲೆ ಮಾಡ್ರಿ."

ಕೆಳಗೆ ಕೂಡಲು ಹೋದವಳನ್ನು ದಾಕ್ಷಾಯಿಣಿಯವರು ಹಿಡಿದರು. "ಬಗ್ಗಬ್ಯಾಡ್ರಿ ಅವ್ವಾರ, ಕಣ್ಣಿನ ಆಪರೇಶನ್ ಆಗೇತಿ." ಎರಡು ಕುರ್ಚಿ ಬಂದವು. ನಡುವೆ ಟೀಪಾಯಿ ಬಂತು. ಓಣಿಯ ಎದುರಿಗೆ ಕುಬೇರಪ್ಪನವರ ಬಲಗಾಲು ಟೀಪಾಯಿಯ ಮೇಲೇರಿತು.

ಮುರಿಗೆವ್ವ ಅಂಗಾಲನ್ನು ಬೆಳಕಿಗೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು. ಬೊಕ್ಕೆ ಒಡೆದು ಒಣಗಿದ ಗುರುತುಗಳ ಮೇಲೆ, ಸೀಳಿದ ಹಿಮ್ಮಡಿಯ ಮೇಲೆ ಹೆಬ್ಬೆರಳು ಆಡಿಸಿದಳು. ನಗುತ್ತಿದ್ದವರು ಒಬ್ಬೊಬ್ಬರಾಗಿ ಹತ್ತಿರ ಬಂದರು.

"ಇಲ್ಲೊಂದು ಮುಳ್ಳು ಮುರದೇತಿ," ಎಂದು ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದಳು.

"ಇಲ್ಲ ಬೇ. ಡಾಕ್ಟರು ನೋಡ್ಯಾರ. ಯಾರಿಗೂ ಕಂಡಿಲ್ಲ."

"ನನಗ ಕಾಣತೈತಿ."

ಕುಬೇರಪ್ಪನವರು ಕೂಗಿದ ಕೂಗು ದೊಡ್ಡ ರಸ್ತೆಯವರೆಗೆ ಕೇಳಿಸಿತಂತೆ. ಮುರಿಗೆವ್ವ ಮುಳ್ಳನ್ನು ಅಂಗೈಯಲ್ಲಿಟ್ಟುಕೊಂಡು ಎದ್ದಳು. ಪ್ರತಿಯೊಬ್ಬರ ಮುಂದೆ ನಿಂತು, "ನೋಡ್ರಿ, ಕಾಡಿಂದs ಐತಿ. ನಡದಾನ," ಎಂದು ತೋರಿಸುತ್ತ ಹೋದಳು. ಎಲ್ಲರೂ ಬಗ್ಗಿ ನೋಡಿದೆವು. ಹೌದೌದು ಎಂದೆವು. ಪ್ರಬುದ್ಧ ಸರ್ ಮಾತ್ರ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಎಲ್ಲೈತ್ರಿ? ನನಗ ಕಾಣವಲ್ದು."

ಮುರಿಗೆವ್ವ ಅವರ ಮುಖವನ್ನೂ ಕಣ್ಣನ್ನೂ ಹತ್ತಿರದಿಂದ ಪರೀಕ್ಷಿಸಿದಳು. "ಪೊರಿ ಬರಾಕತ್ತೇತಿ ಎಪ್ಪಾ ನಿನಗ. ಲಗೂನ ಒಂದು ಕಾಯಿ ಬೇಡ್ಕೊಂಡು ಬಿಡು. ಒಯ್ಯಾವ್ರು ಇಲ್ಲೇ ಅದಾರ."

ಎಲ್ಲರ ಕಣ್ಣೂ ಒಟ್ಟಿಗೆ ತಿರುಗಿದವು. ಕುಬೇರಪ್ಪನವರು ಸದ್ದಿಲ್ಲದೆ ಟೀಪಾಯಿಯ ಮೇಲಿನಿಂದ ಕಾಲು ತೆಗೆದು ಕುರ್ಚಿಯ ಅಡಿಗೆ ಎಳೆದುಕೊಂಡರು.